ಗದ್ದೆ ಕೆಳಗಿನವರು

ಉಜುಂಗ್ ಪಾಂಡಾಂಗ್
೧೪ ಫೆಬ್ರವರಿ ೧೯೯೪

ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿ ಕಾಗದ ಶುರು ಮಾಡೋಣವೆಂದು ಕುಳಿತೆ. ಆಗುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ, ಮೊದಲು ಅದನ್ನೇ ಬರೆಯುತ್ತೇನೆ.

ಸಾಂಪೆ ಮಾವನ ಕಾಗದ ಬಂತು. ಸಮರಿಂದಾದ ಮರದ ಮಿಲ್ಲಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದು ದುಡಿದದ್ದನ್ನೆಲ್ಲ ಅಜ್ಜಿಯನ್ನು ಕಳಿಸಿಕೊಡುವ ಹಬ್ಬಕ್ಕೆಂದು ಕಳಿಸಿದ್ದಾನೆ. ಐದು ಕೋಣ ಕಡಿಯಬೇಕು, ಅದರಲ್ಲಿ ಒಂದು ಬಿಳಿ ಮಚ್ಚೆಯ ಕೋಣವೇ ಆಗಬೇಕು ಎಂದು ಹಟ ಹಿಡಿದಿದ್ದಾನೆ. ಹೆತ್ತ ತಾಯಿಯ ಮೇಲಿನ ಪ್ರೀತಿ, ನನ್ನದೇನೂ ತಕರಾರಿಲ್ಲ. ಆದರೆ ದೊಡ್ಡಮನೆಯ ತೊಡಿಂಗಜ್ಜ ಹಾಕಿದ ಷರತ್ತಿಗೆ ನೀನು ಹೂಂ ಅಂದಿದ್ದೀಯಂತೆ! ನಮ್ಮಂಥವರಿಗೆ ಒಂದಕ್ಕಿಂತ ಹೆಚ್ಚು ಕೋಣ ಕಡಿಯುವ ಹಕ್ಕಿಲ್ಲವಂತೆ. ಐದು ಬೇಕಿದ್ದರೆ ದೊಡ್ಡಮನೆಯ ಕಣದಲ್ಲಿ, ದೊಡ್ಡಮನೆಯ ಹೆಸರಿನಲ್ಲಿ ಕಡಿಯಬೇಕಂತೆ. ಮಾಂಸದ ಪಾಲನ್ನು ಅವರ ಬಿದಿರ ಅಟ್ಟಣಿಗೆಯ ಮೇಲಿಂದ ಅವರ ಕಡೆಯವನೇ ಕೂಗಬೇಕಂತೆ. ಮೊದಲ ತೊಡೆ ಅವರಿಗೆ. ಕಟ್ಟಕಡೆಗೆ ನಮ್ಮನ್ನು ಹೇಗೆ ಕೂಗುತ್ತಾರೆ ಎನ್ನುವುದು ನನಗೆ ಗೊತ್ತಿಲ್ಲವೇ? "ಗದ್ದೆ ಕೆಳಗಿನವರು!" ಊರಿನ ಎಲ್ಲ ಮನೆಗೂ ಯಜಮಾನನ ಹೆಸರು ಹಿಡಿದು ಕೂಗುತ್ತಾರೆ, ನಮಗೆ ಮಾತ್ರ ಹೆಸರಿಲ್ಲ. ಅಜ್ಜಿಯದೇ ಕೋಣ, ಅಜ್ಜಿಯದೇ ದಿನ, ಅಲ್ಲೂ ಅವಳು ಗದ್ದೆ ಕೆಳಗಿನವಳೇ!

ನಾನು ಇಲ್ಲಿ ಸಮಾಜಶಾಸ್ತ್ರ ಓದುತ್ತೇನೆ ಅಂದಾಗಲೆಲ್ಲ ನೀನು "ಅದೇನು ಕೆಲಸಕ್ಕೆ ಬರುತ್ತೆ?" ಅನ್ನುತ್ತೀಯಲ್ಲ, ಕೇಳು. ನಮ್ಮ ತೆನ್ರಿ ಮೇಡಂ ಒಂದು ದಿನ ತರಗತಿಗೆ ಬಂದವರೇ, "ನಿಮ್ಮೂರಲ್ಲಿ ಯಾರು ಬಂದ್ರೆ ಯಾರು ಎದ್ದು ನಿಲ್ತಾರೆ, ಹೇಳಿ ನೋಡೋಣ" ಎಂದರು. ದೊಡ್ಡ ವಂಶದ ಹುಡುಗನೊಬ್ಬ ನಕ್ಕು, "ನಮ್ಮೂರಲ್ಲಿ ಅಂಥದ್ದೆಲ್ಲ ಏನಿಲ್ಲ ಮೇಡಂ" ಎಂದ. ಮೇಡಂ ಅಂದರು: "ನಿನ್ ಕಣ್ಣಿಗೆ ಬಿದ್ದಿಲ್ಲ ಅಂದ್ರೆ, ಎದ್ದು ನಿಲ್ಲೋನು ನೀನಲ್ಲ ಅಂತ ಅರ್ಥ ಕಣಪ್ಪ." ಆವತ್ತು ನಾನು ಅತ್ತುಬಿಟ್ಟೆ. ತೊತ್ತಿನ ವಂಶ ಅನ್ನುವುದು ರಕ್ತದಲ್ಲಿಲ್ಲ ಅಮ್ಮ. ಅವರು ಮೇಲೆ ಕೂರುವುದಕ್ಕೆ ನಾವು ದಿನಾ ಹೋಗಿ ಕೆಳಗೆ ಕೂರಬೇಕು. ನಾವು ಹೋಗದಿದ್ದರೆ ಅವರ ಮೇಲುತನಕ್ಕೆ ಆಧಾರವೇ ಇಲ್ಲ.

ಒಪ್ಪಬೇಡ. ಅಜ್ಜಿ ಸತ್ತು ಏಳು ತಿಂಗಳಾಯಿತು, ಒಂದು ಕೋಣವೋ ಐದೋ ಅವಳಿಗೇನು ಗೊತ್ತಾಗುತ್ತದೆ? ಮರ್ಯಾದೆ ಬದುಕಿರುವವರಿಗೆ ಬೇಕಾದದ್ದು.

ನಿನ್ನ
ಬನ್ನೆ

ಬುಂಟು ತಲ್ಲಂಗ್
೨ ಮಾರ್ಚ್ ೧೯೯೪

ಬನ್ನೆ,

ನಿನ್ನ ಬಾಯಿಗೆ ಬೆಂಕಿ ಬೀಳಲಿ ಎಂದು ಹೇಳಲು ಹೋಗಿ ತಡೆದುಕೊಂಡಿದ್ದೇನೆ, ಹೆತ್ತವಳು ನೋಡು.

ಬಸ್ಸಿನ ಡ್ರೈವರ್ ಕಾಗದ ತಂದುಕೊಟ್ಟಾಗ ಎಂದಿನಂತೆ ಒಳಕೋಣೆಗೆ ಹೋಗಿ, ಅಜ್ಜಿಯ ಪಕ್ಕ ಕುಳಿತು, ಗಟ್ಟಿಯಾಗಿ ಓದಲು ಶುರು ಮಾಡಿದೆ. ನೀನು ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳುತ್ತೇನೆ ಎನ್ನುವುದು ನಿನಗೆ ಗೊತ್ತು. ಓದುತ್ತ ಓದುತ್ತ ಆ ಮಾತಿಗೆ ಬಂದೆ. ನಾಲಿಗೆ ಅಲ್ಲೇ ನಿಂತಿತು. ಬೆಳಿಗ್ಗೆ ಅವಳ ಮುಂದೆ ಕಾಫಿ ಇಟ್ಟು ಬಂದಿದ್ದೆ, ಇನ್ನೂ ಆರಿರಲಿಲ್ಲ. ಆಕೆಯ ಮುಖದ ಮುಂದೆಯೇ ಸತ್ತಳು ಎಂದು ಓದಲೇ? ಕೆಮ್ಮು ಬಂದವಳ ಹಾಗೆ ಕೆಮ್ಮಿ ಮಾತು ನುಂಗಿದೆ. "ಬನ್ನೆ ನಿನ್ ಕಾಯಿಲೆ ಹೇಗಿದೆ ಅಂತ ಕೇಳಿದಾಳೆ ಕಣವ್ವ" ಎಂದೆ. ಉಸಿರು ನಿಂತ ಮೇಲೆ ಎಷ್ಟು ತಿಂಗಳು ಒಳಕೋಣೆಯಲ್ಲಿ ಮಲಗಿಸಿಕೊಂಡಿದ್ದರೂ, ಕಳಿಸಿಕೊಡುವ ದಿನ ಮೊದಲ ಕೋಣ ನೆಲಕ್ಕೆ ಬೀಳುವವರೆಗೆ ನಿನ್ನ ಅಜ್ಜಿ ಕಾಯಿಲೆಯವಳು. ಅಷ್ಟೂ ಮರೆತು ಹೋಯಿತೇ ಪಟ್ಟಣದಲ್ಲಿ? ನಾಲ್ಕು ಪುಸ್ತಕ ಓದಿದವಳಿಗೆ ಮನೆಯೊಳಗೆ ಯಾರ ಮುಂದೆ ಏನು ಮಾತಾಡಬೇಕು ಎನ್ನುವುದು ತಿಳಿಯದೇ?

ಇನ್ನು ಆ ಇನ್ನೊಂದು ಮಾತು, ನಮ್ಮ ವಂಶಕ್ಕೆ ನೀನು ಹಚ್ಚಿದ್ದು. ಆ ಮಾತನ್ನು ದೊಡ್ಡಮನೆಯವರು ಕೂಡ ನಮ್ಮ ಎದುರು ಎತ್ತುವುದಿಲ್ಲ. ಎತ್ತಿದರೆ ಪಂಚಾಯಿತಿ ಸೇರಿ ಹಂದಿ ದಂಡ ಹಾಕುತ್ತದೆ. ನೀನು ಶಾಯಿಯಲ್ಲಿ ಬರೆದು ಕಳಿಸುತ್ತೀಯಲ್ಲ, ನಿನಗೆ ಯಾರು ದಂಡ ಹಾಕಬೇಕು?

ಒಪ್ಪಬೇಡ ಅನ್ನುವುದು ಸುಲಭ. ತೊಡಿಂಗಜ್ಜನ ಎದುರು ಹೋಗಿ ನಿಂತವಳು ನಾನು. ಊರೆಲ್ಲ ನನ್ನನ್ನು ಬನ್ನೆಯಮ್ಮ ಅನ್ನುತ್ತದೆ, ಆತ ಮಾತ್ರ ಈಗಲೂ ನಾನು ಲಂಗ ಹಾಕಿಕೊಂಡಿದ್ದಾಗಿನ ಹೆಸರನ್ನೇ ಕೂಗುವುದು.

"ಏ ಕೊಂಬಾಂಗ್, ನಿನ್ ತಮ್ಮನ ಕೈಯಲ್ಲಿ ನಾಲ್ಕು ಕಾಸಾಡ್ತಿದೆ ಅಂತ ಊರಿನ ಕಟ್ಟಳೆ ಮುರಿಯೋಕಾಗುತ್ತಾ? ನಿಮ್ಮವ್ವ ನಮ್ಮನೇಲಿ ಬೆಳೆದೋಳು. ನಮ್ಮ ಹೆಸರಲ್ಲೇ ಹೋಗ್ಲಿ ಬಿಡು, ಅವಳಿಗೂ ಅದೇ ಗೌರವ."

ನಾನು "ಆಗಲಿ ಅಜ್ಜ" ಎಂದೆ. ಏನನ್ನಬೇಕಿತ್ತು? ನಾವು ಉಳುವ ಕೆಳಗಿನ ಗದ್ದೆ ಅವರದು. ಬಿದಿರು ಅವರ ಮೆಳೆಯದು. ಅವರು ಬೇಡವೆಂದರೆ ಕೋಣದ ಹಗ್ಗ ಹಿಡಿಯಲು ಈ ಊರಿನಲ್ಲಿ ಒಬ್ಬ ಗಂಡಸೂ ಬರುವುದಿಲ್ಲ. ನಿನ್ನ ಮೇಡಂ ಬಂದು ಹಗ್ಗ ಹಿಡಿಯುತ್ತಾರೆಯೇ? ಕೇಳಿ ಬರೆ.

ಅಜ್ಜಿಯ ಕ್ಷಮೆ ಕೇಳು ಮೊದಲು.

ಬನ್ನೆಯ ಅಮ್ಮ

ಉಜುಂಗ್ ಪಾಂಡಾಂಗ್
೧೯ ಏಪ್ರಿಲ್ ೧೯೯೪

ಅಮ್ಮಾ,

ಇದಿಷ್ಟನ್ನು ಅಜ್ಜಿಗೆ ಓದು: ಅಜ್ಜೀ, ತಪ್ಪಾಯಿತು. ನಿನ್ನ ಕಾಯಿಲೆಯನ್ನು ನಾನು ಹಗುರ ಮಾಡಿ ಮಾತಾಡಿದೆ. ನಿನಗೆ ಎಲೆ ಅಡಿಕೆ ಕುಟ್ಟಿ ಕೊಡಲು ನಾನು ಪಕ್ಕದಲ್ಲಿಲ್ಲ ಎನ್ನುವ ಸಂಕಟಕ್ಕೆ ನಾಲಿಗೆ ಜಾರಿತು. ಬೇಗ ಬರುತ್ತೇನೆ.

ಮುಂದಿನದನ್ನು ಅಡುಗೆಮನೆಗೆ ಹೋಗಿ ಓದಿಕೋ.

ನನ್ನ ಸಿಟ್ಟು ಇಳಿದಿಲ್ಲ. ನನಗೆ ಏಳೆಂಟು ವರ್ಷವಿದ್ದಾಗ ದೊಡ್ಡಮನೆಯಲ್ಲಿ ದೊಡ್ಡ ಸಾವಿನ ಹಬ್ಬವಾಯಿತಲ್ಲ, ನೆನಪಿದೆಯೇ? ಆ ಮನೆಯ ಮುದುಕಿಯ ಪಕ್ಕ ತಿಂಗಳುಗಟ್ಟಲೆ ಕುಳಿತು ನೊಣ ಓಡಿಸಿದವಳು ನಮ್ಮಜ್ಜಿ. ನೀರು ಹೊತ್ತವಳು, ಸಾವಿರ ಜನಕ್ಕೆ ಅನ್ನ ಬೇಯಿಸಿದವಳು ನೀನು. ಪಾಲು ಕೂಗಿದಾಗ ಎಲ್ಲರ ಮಾಂಸವನ್ನೂ ಹಗ್ಗಕ್ಕೆ ಪೋಣಿಸಿ ಇಳಿಬಿಟ್ಟರು. "ಗದ್ದೆ ಕೆಳಗಿನವರು!" ಎಂದಾಗ ಮಾತ್ರ ಮೇಲಿಂದಲೇ ಎಸೆದರು. ಕರುಳಿನ ಮುದ್ದೆ, ಬಾಲದ ತುದಿ. ಕೆಸರಿಗೆ ಬಿತ್ತು. ನಾಯಿ ಬಾಯಿ ಹಾಕುವ ಮೊದಲು ಅಜ್ಜಿ ಓಡಿಹೋಗಿ ಎತ್ತಿಕೊಂಡಳು. ನೀನು ತೊರೆಯ ಹತ್ತಿರ ಕುಳಿತು ಅದನ್ನು ತೊಳೆದೆ, ತುಟಿ ಪಿಟಕ್ಕೆನ್ನಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ನಿನ್ನ ಮೇಲೆ ಆವತ್ತು ಬಂದ ಕೋಪ ಇವತ್ತಿಗೂ ಹೋಗಿಲ್ಲ. ಯಾಕಮ್ಮ ಸುಮ್ಮನಿದ್ದೆ?

ಆ ಕೋಪವೇ ಈಗ ನನ್ನ ಪ್ರಬಂಧ. ನಮ್ಮೂರಿನ ಮಾಂಸದ ಪಾಲನ್ನೇ ವಿಷಯವಾಗಿ ತೆಗೆದುಕೊಂಡಿದ್ದೇನೆ. ಮೇಲುಕೀಳು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಯಾರಿಗೆ ತೊಡೆ, ಯಾರಿಗೆ ಕರುಳು, ಯಾರ ಹೆಸರು ಮೊದಲು ಎನ್ನುವುದರಲ್ಲಿ ಅದು ಪ್ರತಿ ಸಾವಿನಲ್ಲೂ ಹೊಸದಾಗಿ ಹುಟ್ಟುತ್ತದೆ ಎಂದು ತೋರಿಸಿದ್ದೇನೆ. ಕ್ರಿಸ್‌ಮಸ್ ರಜೆಯಲ್ಲಿ ತೊಡಿಂಗಜ್ಜ ನನ್ನನ್ನು ಕಣಜದ ಕೆಳಗಿನ ಜಗಲಿಯ ಮೇಲೆ ಕೂರಿಸಿಕೊಂಡು ಇಡೀ ಮಧ್ಯಾಹ್ನ ಹೇಳಿದರಲ್ಲ, ಅದೆಲ್ಲ ಬಹಳ ಉಪಯೋಗವಾಯಿತು. ಪ್ರತಿ ಮನೆಯ ಪಾಲೂ ಈಗ ನನಗೆ ಬಾಯಿಪಾಠ. "ವಿಶ್ವವಿದ್ಯಾಲಯದೋರೂ ನನ್ ಹತ್ರಾನೇ ಕಲೀಬೇಕು ನೋಡು!" ಎಂದು ಹಿಗ್ಗಿದರು ಪಾಪ, ನಾನು ಅವರ ಬುಡಕ್ಕೇ ಕೊಡಲಿ ಮಸೆಯುತ್ತಿದ್ದೇನೆ ಎನ್ನುವುದು ಗೊತ್ತಿಲ್ಲದೆ.

ತೆನ್ರಿ ಮೇಡಂ ಬಹಳ ಮೆಚ್ಚಿದ ಕೊನೆಯ ಸಾಲನ್ನು ನಿನಗೂ ಬರೆಯುತ್ತೇನೆ: "ಕೆಳಗಿನ ಮನೆಗಳು ಈ ಕ್ರಮವನ್ನು ಸಹಜವೆಂದೇ ನಂಬಿವೆ. ಅದನ್ನು ಪ್ರಶ್ನಿಸುವ ಭಾಷೆ ಅವರಲ್ಲಿಲ್ಲ."

ಈಗಲಾದರೂ ಪ್ರಶ್ನಿಸು ಅಮ್ಮ.

ಬನ್ನೆ

ಬುಂಟು ತಲ್ಲಂಗ್
೫ ಮೇ ೧೯೯೪

ಬನ್ನೆ,

ಆ ಕೊನೆಯ ಸಾಲನ್ನು ಓದಿ, ಮಡಚಿಟ್ಟು, ಗದ್ದೆಗೆ ಹೋಗಿ ಕಳೆ ಕಿತ್ತು ಬಂದೆ. ತಿರುಗಿ ತೆಗೆದು ಓದಿದೆ.

ನಾವು ನಂಬಿದ್ದೇವೆ ಎಂದು ನಿನಗೆ ಯಾರು ಹೇಳಿದರು? ತೊಡಿಂಗಜ್ಜನೇ? ಆತನನ್ನೇ ತಾನೇ ನೀನು ಕೇಳಿದ್ದು. ಆ ಮಧ್ಯಾಹ್ನ ನಾನೂ ಅಲ್ಲಿದ್ದೆ ತಾಯೀ, ದೊಡ್ಡಮನೆಯ ಅಡುಗೆಮನೆಯಲ್ಲಿ. ಯೂನಿವರ್ಸಿಟಿಯಿಂದ ಅತಿಥಿ ಬಂದಿದ್ದಾರೆ, ಕಾಫಿ ಕಾಸಲು ಬಾ ಎಂದು ಹೇಳಿಕಳಿಸಿದ್ದರು. ಬಂದು ನೋಡಿದರೆ ಅತಿಥಿ ನೀನು! ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಆ ಜಗಲಿಯ ಮೇಲೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಒಲೆಯ ಹೊಗೆಯಲ್ಲಿ ನಿಂತು ಕಣ್ಣು ಒರೆಸಿಕೊಂಡೆ, ಹೆಮ್ಮೆಯಿಂದ. ನೀನು ಆತನನ್ನು ಎಷ್ಟೊಂದು ಪ್ರಶ್ನೆ ಕೇಳಿದೆ! ನನ್ನನ್ನು ಕೇಳಿದ್ದು ಒಂದೇ ಒಂದು. "ಅಮ್ಮ, ಇನ್ನೊಂದ್ ಲೋಟ ಕಾಫಿ ಇದ್ಯಾ?"

ಪ್ರಶ್ನಿಸುವ ಭಾಷೆ ನಮ್ಮಲ್ಲಿಲ್ಲವಂತೆ! ನಿನ್ನ ಮೇಡಂಗೆ ಹೇಳು, ಎದ್ದು ನಿಲ್ಲುವವಳು ನಾನು, ಕೂತದ್ದು ಅವರ ವಿದ್ಯಾರ್ಥಿನಿ ಅಂತ.

ಈಗ ಒಂದು ಮಾತು ಹೇಳುತ್ತೇನೆ. ನಿನ್ನ ಅಜ್ಜಿ ನನಗೆ ಹೇಳಿದ್ದು, ನಿನಗೆ ಹೇಳಿರಲಿಲ್ಲ. ನಿನ್ನ ಬಾಯಿ ಚಿಕ್ಕಂದಿನಿಂದಲೂ ನಿಲ್ಲುವ ಬಾಯಲ್ಲ.

ಆ ದಿನ ತೊರೆಯಲ್ಲಿ ತೊಳೆದ ಮಾಂಸವನ್ನು ನೀನು ತಿಂದೆಯಾ? ನೆನಪು ಮಾಡಿಕೋ. ಆ ದಿನ ಮಾತ್ರವಲ್ಲ, ಯಾವತ್ತಾದರೂ ತಿಂದೆಯಾ? ಆ ಸಂಜೆ ನಾವು ತಿಂದದ್ದು ಒಣಮೀನು, ಅನ್ನ. ಅಟ್ಟಣಿಗೆಯಿಂದ ಬಿದ್ದದ್ದು ನಮ್ಮ ಮನೆಯ ಒಲೆಯ ಮೇಲಿನ ಮಡಕೆಗೆ ಒಂದು ದಿನವೂ ಹೋಗಿಲ್ಲ. ಹಿತ್ತಿಲ ಒಲೆಯಲ್ಲಿ ಕೆಸುವಿನ ದಂಟಿನ ಜೊತೆ ಬೇಯಿಸಿ ಹಂದಿಗೆ ಹಾಕುತ್ತಿದ್ದಳು ಅಜ್ಜಿ. ಬೇರೆ ಯಾವ ಹಂದಿಗೂ ಅಲ್ಲ, ದೊಡ್ಡಮನೆಗೆ ಕಾಣಿಕೆ ಒಪ್ಪಿಸಲು ಬೇರೆಯಾಗಿ ಕಟ್ಟಿ ಸಾಕಿದ ಹಂದಿಗೆ. ಮಣ್ಣಿಗೆ ಎಸೆದದ್ದನ್ನು ತಿಂದು ಅದು ಕೊಬ್ಬುತ್ತಿತ್ತು. ಮುಂದಿನ ಸಾವಿಗೆ ಬಿದಿರಿಗೆ ಕಟ್ಟಿ, ತಲೆ ಬಗ್ಗಿಸಿಕೊಂಡು ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ಇಳಿಸುತ್ತಿದ್ದೆವು. ತೊಡಿಂಗಜ್ಜ ಬೆರಳು ಚೀಪುತ್ತ, "ಕೊಂಬಾಂಗ್, ನಿಮ್ಮನೆ ಹಂದಿ ರುಚೀನೇ ಬೇರೆ ಕಣೇ! ಏನ್ ಹಾಕಿ ಸಾಕ್ತೀರಿ?" ಎಂದು ಕೇಳಿದ್ದುಂಟು. ಅಜ್ಜಿ "ನಿಮ್ಮನೇದೇ ಅಜ್ಜ, ನೀವು ಕೊಟ್ಟಿದ್ದೇ" ಎಂದಳು. ಆತ ಸಂತೋಷಪಟ್ಟ. ಮನೆಗೆ ಬಂದು ಅಜ್ಜಿ, ನಾನು ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕೆವು.

ಅಜ್ಜಿ ನಾಯಿಗಿಂತ ಮುಂಚೆ ಓಡುತ್ತಿದ್ದದ್ದು ಅದಕ್ಕೆ. ಅದು ನಾಯಿಗೆ ಹೋಗಿಬಿಟ್ಟರೆ ಅವರ ಎಲೆಗೆ ಬಡಿಸಲು ನಮ್ಮ ಹತ್ತಿರ ಏನಿರುತ್ತಿತ್ತು?

ಇದನ್ನು ಬರೆದೀಯ ಜೋಕೆ. ಬರೆದರೆ ಈ ಮನೆಗೆ ಕಾಲಿಡಬೇಡ.

ಅಮ್ಮ

ಉಜುಂಗ್ ಪಾಂಡಾಂಗ್
೨೦ ಜೂನ್ ೧೯೯೪

ಅಮ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಆ ಕಾಫಿ ಲೋಟ ಕಣ್ಣ ಮುಂದೆ ಬರುತ್ತದೆ. ಅದನ್ನು ನೀನು ತಂದು ಜಗಲಿಯ ಅಂಚಿಗಿಟ್ಟೆ. ನಾನು ಎದ್ದು ತೆಗೆದುಕೊಳ್ಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿದೆ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ, ನನ್ನ ಮೇಲೇ.

ತೆನ್ರಿ ಮೇಡಂ ಹತ್ತಿರ ಹೋಗಿ, ನನ್ನ ಕೊನೆಯ ಅಧ್ಯಾಯ ಸುಳ್ಳು ಎಂದೆ. ಹಂದಿಯ ವಿಷಯ ಹೇಳಲಿಲ್ಲ, ಆದರೆ ನನ್ನ ಮನೆಯವರಿಂದ ಹೊಸದೊಂದು ತಿಳಿಯಿತು, ಬರೆಯಬಾರದೆಂದು ಮಾತು ತೆಗೆದುಕೊಂಡಿದ್ದಾರೆ ಎಂದೆ. ಅವರ ಕಣ್ಣು ಅರಳಿತು. "ಅಯ್ಯೋ ಹುಚ್ಚುಡುಗಿ, ಅದೇ ಅಲ್ವೇನೇ ನಿಜವಾದ್ದು! ಊರ ಹೆಸರು ಬದಲಾಯಿಸಿ ಬರೆದುಬಿಡು. ಯಾರಿಗೆ ಗೊತ್ತಾಗುತ್ತೆ?" ಎಂದರು. "ನಮ್ಮೂರಿಗೆ ಗೊತ್ತಾಗುತ್ತೆ ಮೇಡಂ" ಎಂದೆ. "ಹಾಗಾದ್ರೆ ಈ ವರ್ಷ ಪದವಿ ಕೈಬಿಡು" ಎಂದು ಕಾಗದದ ಕಟ್ಟನ್ನು ನನ್ನ ಕಡೆಗೆ ತಳ್ಳಿದರು. ಅವರನ್ನು ಇಷ್ಟು ದಿನ ದೇವರೆಂದುಕೊಂಡಿದ್ದೆ. ತೊಡಿಂಗಜ್ಜನಿಗೆ ನಮ್ಮ ಹಂದಿ ಬೇಕು, ಇವರಿಗೆ ನಮ್ಮ ನಗು ಬೇಕು.

ಆ ಅಧ್ಯಾಯವನ್ನು ಕಿತ್ತುಹಾಕಿದ್ದೇನೆ. ಪದವಿ ಮುಂದಿನ ವರ್ಷ ಬಂದರೆ ಬರಲಿ. ಆದರೆ ಓದಿದ್ದು ದಂಡ ಎಂದು ಮಾತ್ರ ನಾನು ಒಪ್ಪುವುದಿಲ್ಲ ಅಮ್ಮ. ಯಾರು ಎದ್ದು ನಿಲ್ಲುತ್ತಾರೆ ನೋಡು ಎಂದು ಹೇಳಿಕೊಟ್ಟದ್ದು ಆ ಓದೇ. ನಾನು ನೋಡಲಿಲ್ಲ, ಅಷ್ಟೆ.

ಮೊದಲೇ ಕೇಳಬೇಕಿದ್ದದ್ದನ್ನು ಈಗ ಕೇಳುತ್ತೇನೆ. ಅಜ್ಜಿಯನ್ನು ಹೇಗೆ ಕಳಿಸಿಕೊಡಬೇಕೆಂದು ಮಾವನಿಗೆ ಏನು ಬೇಕು ಎನ್ನುವುದು ಗೊತ್ತು, ತೊಡಿಂಗಜ್ಜನಿಗೆ ಏನು ಬೇಕು ಎನ್ನುವುದು ಗೊತ್ತು, ನನಗೆ ಏನು ಬೇಕು ಎಂದು ಬೇಕಾದಷ್ಟು ಕೂಗಾಡಿದ್ದೇನೆ.

ನಿನಗೆ ಏನು ಬೇಕಮ್ಮ?

ಬನ್ನೆ

ಬುಂಟು ತಲ್ಲಂಗ್
೨೪ ಜುಲೈ ೧೯೯೪

ಬನ್ನೆ,

ನೀನು ಕೇಳಿದ ಮೇಲೆ ಯೋಚನೆ ಮಾಡಿದೆ. ಈ ವಯಸ್ಸಿಗೆ ನನ್ನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಬರುವುದಕ್ಕೆ ಕೊಯ್ಲು ಮುಗಿಯಬೇಕಾಯಿತು.

ಭತ್ತ ಅಳೆದುಕೊಟ್ಟ ದಿನವೇ ದೊಡ್ಡಮನೆಗೆ ಹೋದೆ. ತೊಡಿಂಗಜ್ಜ ಕಣಜದ ಜಗಲಿಯ ಮೇಲೆ ಮಲಗಿದ್ದ. ನಾನು ಕೆಳಗೆ ಕೂರಲಿಲ್ಲ, ಮೇಲೂ ಕೂರಲಿಲ್ಲ, ನಿಂತೇ ಮಾತಾಡಿದೆ.

"ಅಜ್ಜ, ಐದು ಕೋಣ ಬೇಡ. ಒಂದೇ."

"ಒಂದಾ? ಮಚ್ಚೆ ಕೋಣ ಅಂತ ಊರೆಲ್ಲ ಡಂಗುರ ಹೊಡೆಸಿದ್ನಲ್ಲೇ ನಿನ್ ತಮ್ಮ!"

"ಅದನ್ನ ಸಂತೆಗೆ ವಾಪಸ್ ಹೊಡೆದಾಯ್ತು. ಒಂದು ಕೋಣ ಕಡಿಯೋಕೆ ನಮಗೆ ಹಕ್ಕಿದೆ ಅಂತ ನೀವೇ ಹೇಳಿದ್ರಲ್ಲ? ಆ ಒಂದನ್ನ ನಮ್ಮ ಅಂಗಳದಲ್ಲೇ ಕಡೀತೀವಿ. ನಮ್ಮವ್ವನ ಹೆಸರಲ್ಲಿ."

ಆತ ಎದ್ದು ಕೂತ. ಮುಖ ಕೆಂಪಾಯಿತು. "ನಿಮ್ ಅಂಗಳದಲ್ಲಿ ಪಾಲು ಕೂಗೋಕೆ ಯಾವನ್ ಬರ್ತಾನೆ? ನಮ್ ಕಡೆಯೋನು ಬರಲ್ಲ, ಹೇಳಿದೀನಿ!"

"ಬೇಡ ಬಿಡಿ."

"ಬಿದಿರು ಕೊಡಲ್ಲ! ಮುಂದಿನ ನಾಟಿಗೆ ಕೆಳಗಿನ ಗದ್ದೆಗೆ ಕಾಲಿಡಬೇಡ!"

"ಆಗಲಿ ಅಜ್ಜ" ಎಂದೆ. ಜೀವಮಾನವೆಲ್ಲ ಆಡಿದ ಮಾತು ಅದೇ ನೋಡು, ಆದರೆ ಈ ಸಲ ಹೇಳಿ ಆತನ ಅಪ್ಪಣೆಗೆ ಕಾಯಲಿಲ್ಲ. ಹೊರಟು ಬಂದೆ. ಸುಳ್ಳು ಯಾಕೆ ಹೇಳಲಿ, ಮನೆಗೆ ಬಂದವಳೇ ಉಳಿದ ಭತ್ತ ಎಷ್ಟು ದಿನಕ್ಕಾಗುತ್ತದೆ ಎಂದು ಅಳೆದು ನೋಡಿದೆ. ಗದ್ದೆ ಹೋಯಿತು ಬನ್ನೆ. ನಿನ್ನ ಮಾವ ನನ್ನ ಮೇಲೆ ಕೆಂಡ ಕಾರಿ ಬರೆದಿದ್ದಾನೆ, ತಾಯಿಯ ಮಾನ ಕಳೆದೆ ಎಂದು. ಬರಲಿ, ಇಲ್ಲೇ ಮುಖಾಮುಖಿ ಜಗಳ ಆಡಿ, ಕೋಣದ ಹಗ್ಗವನ್ನೂ ಅವನ ಕೈಗೇ ಕೊಡುತ್ತೇನೆ. ಉಳಿದ ದುಡ್ಡಿನಲ್ಲಿ ಗುಡ್ಡದಾಚೆ ನಮ್ಮದೇ ಒಂದು ತುಂಡು ಹೊಲ ನೋಡೋಣ ಎಂದರೆ ಅವನೂ ಮೆತ್ತಗಾಗುತ್ತಾನೆ.

ಮುಂದಿನ ತಿಂಗಳ ಇಪ್ಪತ್ತಕ್ಕೆ ಅಜ್ಜಿಯನ್ನು ಕಳಿಸಿಕೊಡುತ್ತೇವೆ. ನೀನು ನಾಲ್ಕು ದಿನ ಮುಂಚೆಯೇ ಬಾ, ಕೆಲಸವಿದೆ. ಪಾಲು ಕೂಗುವವಳು ನೀನು.

ಹೆಣ್ಣು ಕೂಗುವುದುಂಟೇ ಎಂದು ಊರು ಬಾಯಿ ಬಡಿದುಕೊಳ್ಳಲಿ. ಪ್ರತಿ ಮನೆಯ ಪಾಲನ್ನೂ ತೊಡಿಂಗಜ್ಜನ ಬಾಯಿಂದಲೇ ಕಲಿತವಳು ನೀನು, ತಪ್ಪು ಕೂಗಿದೆ ಎಂದು ಆತನೂ ಅನ್ನುವಂತಿಲ್ಲ. ಬಿದಿರಿಲ್ಲ, ಅಟ್ಟಣಿಗೆ ಕಟ್ಟುವುದಿಲ್ಲ. ನೆಲದ ಮೇಲೇ ನಿಂತು ಕೂಗು. ಯಾರು ಬರುತ್ತಾರೋ, ಯಾರು ಹೆದರಿ ಮನೆಯಲ್ಲೇ ಉಳಿಯುತ್ತಾರೋ ಗೊತ್ತಿಲ್ಲ. ಬರದವರ ಹೆಸರನ್ನೂ ಕೂಗು. ಮನೆಯೊಳಗೆ ಕುಳಿತವರಿಗೂ ಕೇಳಿಸಲಿ.

ಮೊದಲ ಹೆಸರು ಅಜ್ಜಿಯದು. ಸೆಸಾ ಎಂದು ಗುಡ್ಡಕ್ಕೆ ಕೇಳಿಸುವ ಹಾಗೆ ಕೂಗು. ಆ ಹೆಸರನ್ನು ಈ ಊರು ಪಾಲಿನ ಹೊತ್ತಿನಲ್ಲಿ ಒಮ್ಮೆಯೂ ಕೇಳಿಲ್ಲ. ಆಮೇಲೆ ನಮ್ಮ ಹಾಗೆ ಹೆಸರಿಲ್ಲದ ಮನೆಗಳಿವೆಯಲ್ಲ, ತೊರೆಯ ಆಚೆಯವು, ಅವರನ್ನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆ. ಹೆಸರು ನಿನಗೆ ಗೊತ್ತಿರುವುದಿಲ್ಲ, ತೊಡಿಂಗಜ್ಜ ಹೇಳಿರುವುದಿಲ್ಲ. ನಾಲ್ಕು ದಿನ ಮುಂಚೆ ಬಾ ಅಂದದ್ದು ಅದಕ್ಕೇ. ಮನೆಮನೆಗೆ ಹೋಗಿ ಕೇಳಿಕೊಂಡು ಬಾ. ಕಾಫಿ ಕೊಟ್ಟರೆ ಎದ್ದು ನಿಂತು ತೆಗೆದುಕೋ.

ದೊಡ್ಡಮನೆಯನ್ನು ಕೊನೆಗೆ ಕರೆ. ಅವರಿಗೆ ಸಲ್ಲುವ ತೊಡೆಯನ್ನೇ ಕೊಡು, ಒಂದು ತುಂಡೂ ಕಡಿಮೆ ಬೇಡ. ಎಸೆಯಬೇಡ, ಕೈಗೆ ಕೊಡು.

ಈ ಕಾಗದವನ್ನು ಅಂಚೆಗೆ ಹಾಕುವ ಮೊದಲು ಒಳಕೋಣೆಯಲ್ಲಿ ಕುಳಿತು ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಈ ಸಲ ಎಲ್ಲಿಯೂ ಕೆಮ್ಮಲಿಲ್ಲ.

ಸೆಸಾಳ ಮಗಳು
ಕೊಂಬಾಂಗ್